ಮಾಂಸದ ಮೇಲೆ ಮುದ್ರೆ ಬೀಳುವ ಮುನ್ನ

ಬಾಗಲಕೋಟೆ ಜಿಲ್ಲೆಯಲ್ಲಿ ಕುರಿ ಸಾಕುವವರು ಪ್ರಾಣಿಯ ಹೊರಮೈಯನ್ನು ಓದುವುದರಲ್ಲಿ ಪಳಗಿದವರು. ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುತ್ತಾರೆ, ಸೊಂಟದ ಎಲುಬಿನ ಮೇಲೆ ಬೆರಳಾಡಿಸಿ ಎಷ್ಟು ಕಿಲೊ ಮಾಂಸ ಬಿದ್ದೀತೆಂದು ಅಂದಾಜಿಸುತ್ತಾರೆ, ಹಿಕ್ಕೆ ನೋಡಿ ಹೊಟ್ಟೆಯ ಸ್ಥಿತಿಯನ್ನು ಊಹಿಸುತ್ತಾರೆ. ಆದರೆ ಅಮೀನಗಡದಲ್ಲೋ ಕೆರೂರಿನಲ್ಲೋ ಸಂತೆಯಲ್ಲಿ ಟಗರು ಮಾರಿ ಟೆಂಪೊ ಹತ್ತಿಸಿದ ಮೇಲೆ ಅದರ ಒಳಗೆ ಏನಿತ್ತೆಂಬುದು ಸಾಕಿದವನ ಕಿವಿಗೆ ಮರಳಿ ಬರುವುದಿಲ್ಲ. ನಮ್ಮ ಮನೆಯ ಕುರಿಗಳ ವಿಷಯದಲ್ಲಂತೂ ಪಶುವೈದ್ಯರು ಹೊಟ್ಟೆ ತೆರೆದು ನೋಡಿದ್ದು ಅವು ತಾವಾಗಿ ಸತ್ತಾಗ ಮಾತ್ರ. ಅದೂ, ಕುರಿ ಸತ್ತರೆ ಸರ್ಕಾರ ಕೊಡುವ ಅನುಗ್ರಹ ಯೋಜನೆಯ ಪರಿಹಾರಕ್ಕೆ ಮರಣೋತ್ತರ ಪರೀಕ್ಷೆಯ ವರದಿ ಬೇಕಾಗಿದ್ದ ಕಾರಣಕ್ಕೆ.

ನಮ್ಮದು ಬಾದಾಮಿ ತಾಲ್ಲೂಕಿನ ಒಣಬೇಸಾಯದ ಊರು. ಸಂತೆಯಿಂದ ಮರಿ ತಂದು ಶೆಡ್ಡಿನಲ್ಲಿ ಮೇಯಿಸಿ ಮಾರುವುದು ನನ್ನ ಕಸುಬು. ನಮ್ಮ ಕಾಕಾ ಹಳೆಯ ಪದ್ಧತಿಯಂತೆ ಅಡವಿಯಲ್ಲಿ ಹಿಂಡು ಮೇಯಿಸುತ್ತಾರೆ. ಅವರ ಮಗ ಪಟ್ಟಣದಲ್ಲಿ ಆಹಾರ ಸುರಕ್ಷತಾ ಪರವಾನಗಿ ಪಡೆದು ಮಟನ್ ಅಂಗಡಿ ತೆರೆದ ಮೇಲೆ, ಅಂಗಡಿಯ ಹಿತ್ತಲಿನಲ್ಲಿ ಕೊಯ್ದು ಮಾರುವಂತಿಲ್ಲ, ಪರವಾನಗಿ ಇರುವ ವಧಾಗಾರದಲ್ಲಿ ಪಶುವೈದ್ಯರ ಪರೀಕ್ಷೆಯಾಗಿ ಬಂದ ಮಾಂಸವನ್ನೇ ಮಾರಬೇಕು ಎಂಬ ನಿಯಮ ನಮ್ಮ ಮನೆಯ ಮಾತಾಯಿತು. ನಡುವಿನ ದಲಾಲರನ್ನು ಬಿಟ್ಟು ನಮ್ಮ ಕುರಿಗಳನ್ನೇ ನೇರವಾಗಿ ಅಲ್ಲಿಗೆ ಒಯ್ಯುವುದೆಂದು ತೀರ್ಮಾನವಾದಾಗ ನಾನೂ ಜೊತೆಗೆ ಹೋದೆ, ಮತ್ತು ಪ್ರಾಣಿಯನ್ನು ಇಳಿಸಿದ ಗಳಿಗೆಯಿಂದ ಮಾಂಸಕ್ಕೆ ಮುದ್ರೆ ಬೀಳುವವರೆಗೆ ಬೇಕೆಂದೇ ಅಲ್ಲಿಯೇ ಉಳಿದೆ.

ಪ್ರಾಣಿಗಳನ್ನು ಕೊಯ್ಯುವ ಹಿಂದಿನ ದಿನವೇ ಮುಟ್ಟಿಸಬೇಕು ಎಂದು ಮೊದಲೇ ಹೇಳಿದ್ದರು. ಇದು ಅಲ್ಲಿನವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಕಟ್ಟಳೆ ಅಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ 2001ರಲ್ಲಿ ಬಂದ ವಧಾಗಾರ ನಿಯಮಗಳ ಪ್ರಕಾರ ವೈದ್ಯರ ಪರೀಕ್ಷೆಯಾದ ಪ್ರಾಣಿಗೆ 24 ಗಂಟೆಗಳ ವಿಶ್ರಾಂತಿ ಸಿಗಬೇಕು, ವಿಶ್ರಾಂತಿಯ ದೊಡ್ಡಿಯಲ್ಲಿ ಒಂದೊಂದು ಸಣ್ಣ ಪ್ರಾಣಿಗೆ 1.6 ಚದರ ಮೀಟರ್ ಜಾಗ ಇರಬೇಕು, ಕುಡಿಯಲು ನೀರಿರಬೇಕು. ರಸ್ತೆಯ ಮೇಲೆ ಆರು ತಾಸಿಗಿಂತ ಹೆಚ್ಚು ಹೊತ್ತು ಕುರಿ ಸಾಗಿಸುವುದಾದರೆ ಹೊರಡುವ ಮೊದಲೇ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಬೇಕಾಗುತ್ತದೆ. ನಮ್ಮದು ಅಷ್ಟು ದೂರದ ಹಾದಿ ಅಲ್ಲದ್ದರಿಂದ ಕಿವಿಯೋಲೆಯ, ಅಂದರೆ ಕುರಿಯ ಕಿವಿಗೆ ಚುಚ್ಚಿದ ಗುರುತಿನ ಬಿಲ್ಲೆಯ, ಸಂಖ್ಯೆಗಳ ಪಟ್ಟಿ ಮತ್ತು ಪಿಪಿಆರ್ ಎಂಬ ಕುರಿ-ಮೇಕೆಗಳ ಸಾಂಕ್ರಾಮಿಕ ರೋಗದ ಲಸಿಕೆಯ ವಿವರ ಸಾಕಾಯಿತು.

ಈ ವಿಶ್ರಾಂತಿಯನ್ನು ನಮ್ಮ ಕಡೆಯ ವ್ಯಾಪಾರಿಗಳು ಸುಮ್ಮನೆ ಒಂದು ದಿನ ಹಾಳು ಎಂದೇ ತಿಳಿಯುತ್ತಾರೆ. ಹಸಿದು ಹೊಟ್ಟೆ ಇಳಿದರೆ ತೂಕ ಇಳಿಯುತ್ತದೆ ಎಂಬುದು ಅವರ ಲೆಕ್ಕ. ಅಲ್ಲಿನ ವೈದ್ಯೆ ಕೊಟ್ಟ ಕಾರಣ ಬೇರೆಯೇ ಇತ್ತು. ಬದುಕಿರುವ ಪ್ರಾಣಿಯ ಸ್ನಾಯುವಿನಲ್ಲಿ ಗ್ಲೈಕೋಜೆನ್ ಎಂಬ ಶಕ್ತಿಯ ದಾಸ್ತಾನು ಇರುತ್ತದೆ. ಸತ್ತ ಮೇಲೆ ಅದು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಟ್ಟು, ಸುಮಾರು 7ರಷ್ಟಿದ್ದ ಮಾಂಸದ ಪಿಎಚ್ ಮಟ್ಟವನ್ನು 5.5ರ ಆಸುಪಾಸಿಗೆ ಇಳಿಸುತ್ತದೆ. ಆ ಹುಳಿ ಮಾಂಸವನ್ನು ಬೇಗ ಕೆಡದಂತೆ ಕಾಯುತ್ತದೆ. ಟೆಂಪೊದಲ್ಲಿ ತುಳಿದಾಡಿ, ಹೆದರಿ, ದಣಿದು ಬಂದ ಕುರಿಯನ್ನು ಹಾಗೆಯೇ ಕೊಯ್ದರೆ ಆ ದಾಸ್ತಾನು ಮೊದಲೇ ಖಾಲಿಯಾಗಿರುತ್ತದೆ, ಹುಳಿ ಹುಟ್ಟುವುದಿಲ್ಲ, ಮಾಂಸ ಕಪ್ಪಾಗಿ ಅಂಟಂಟಾಗಿ ಸಂಜೆಯೊಳಗೆ ವಾಸನೆ ಹಿಡಿಯುತ್ತದೆ. ಕೊಯ್ದ ಕೆಲವೇ ತಾಸುಗಳಲ್ಲಿ ಬಿಸಿ ಮಾಂಸವನ್ನೇ ಮಾರಿ ಮುಗಿಸುವ, ಮಾರ್ಚ್ ಬಂತೆಂದರೆ ಬಿಸಿಲು ಸುಡುವ ನಮ್ಮಂಥ ಊರುಗಳಲ್ಲಿ ಇದು ಸಣ್ಣ ವಿಷಯವೇನಲ್ಲ.

ಮೊದಲ ಪರೀಕ್ಷೆ ಆರಂಭವಾದದ್ದು ಪ್ರಾಣಿಯನ್ನು ಮುಟ್ಟದೆ. ವೈದ್ಯೆ ದೊಡ್ಡಿಯ ಹೊರಗೆ ನಿಂತು ಕುರಿಗಳು ನಡೆಯುವುದನ್ನು, ನೀರಿಗೆ ಬಾಯಿ ಹಾಕುವುದನ್ನು, ಮೆಲುಕು ಹಾಕುವುದನ್ನು ಬಹಳ ಹೊತ್ತು ನೋಡಿದರು. ಹಿಂಡಿನಿಂದ ಹೊರಗುಳಿಯುವ ಕುರಿ ಯಾವುದು, ತಲೆ ಒಂದೇ ಕಡೆಗೆ ವಾಲಿಸಿಕೊಂಡದ್ದು ಯಾವುದು, ಮೂಗಿನಲ್ಲಿ ಸುರಿಕೆ ಇರುವುದು ಯಾವುದು ಎಂಬುದು ದೂರದಿಂದಲೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆಯಂತೆ. ಆಮೇಲೆ ಒಂದೊಂದನ್ನೇ ಹಿಡಿದು ಕಣ್ಣಿನ ಒಳಪದರ, ಬಾಯಿ, ಒಸಡು, ಗೊರಸಿನ ಸಂದು, ಕೆಚ್ಚಲು ನೋಡಿ, ದವಡೆಯ ಕೆಳಗೂ ಹೆಗಲ ಮುಂದೆಯೂ ಬೆರಳು ಒತ್ತಿ ಗಡ್ಡೆಗಳಿವೆಯೇ ಎಂದು ಪರೀಕ್ಷಿಸಿ, ಅನುಮಾನ ಬಂದಲ್ಲಿ ಗುದದ್ವಾರದಲ್ಲಿ ಉಷ್ಣಮಾಪಕ ಇಟ್ಟರು. ಕುರಿಯ ಮೈಯ ಸಹಜ ತಾಪಮಾನವೇ 39 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಇರುವುದರಿಂದ ಕೈಯಿಟ್ಟು ಜ್ವರ ಹೇಳುವ ನಮ್ಮ ರೂಢಿ ಅಲ್ಲಿ ನಡೆಯುವುದಿಲ್ಲ.

ಒಂದು ತಾಸಿಗೆ 12ಕ್ಕಿಂತ ಹೆಚ್ಚು, ಒಂದು ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಒಬ್ಬ ವೈದ್ಯರು ಪರೀಕ್ಷಿಸಬಾರದು ಎಂದು ಅದೇ 2001ರ ನಿಯಮಗಳು ಹೇಳುತ್ತವೆ. ಅಂದರೆ ಪ್ರತಿ ಕುರಿಗೆ ಐದು ನಿಮಿಷ. ನಾವು ಹೋದದ್ದು ಗದ್ದಲವಿಲ್ಲದ ವಾರದ ನಡುವಿನ ದಿನವಾದ್ದರಿಂದ ನಮ್ಮ ಕುರಿಗಳಿಗೆ ಆ ಐದು ನಿಮಿಷ ಪೂರ್ತಿಯಾಗಿ ಸಿಕ್ಕಿತು. ಭಾನುವಾರಗಳಂದು, ಹಬ್ಬದ ಮರುದಿನಗಳಂದು ಬಾಗಿಲಲ್ಲಿ ಸಾಲು ನಿಂತಾಗ ಈ ಲೆಕ್ಕ ಉಳಿಯುವುದು ಕಷ್ಟ ಎಂಬುದು ಅಲ್ಲಿ ನಿಂತು ನೋಡಿದ ಯಾರಿಗಾದರೂ ಹೊಳೆಯುತ್ತದೆ; ನಿಯಮ ಬರೆದವರು ಪ್ರಾಣಿಯ ಸಂಖ್ಯೆಗೆ ಮಿತಿ ಹಾಕಿದರೇ ಹೊರತು ವೈದ್ಯರ ಸಂಖ್ಯೆ ಹೆಚ್ಚಿಸುವುದು ಅವರ ಕೈಯಲ್ಲಿರಲಿಲ್ಲ.

ಜೀವಂತ ಪ್ರಾಣಿಯ ಪರೀಕ್ಷೆ ಏಕೆ ಬೇಕು, ಕೊಯ್ದ ಮೇಲೆ ಎಲ್ಲವೂ ಕಾಣುತ್ತದೆಯಲ್ಲ ಎಂದು ಕಾಕಾ ಕೇಳಿದರು. ಹುಚ್ಚುನಾಯಿ ಕಡಿತದಿಂದ ಬರುವ ರೇಬೀಸ್ ಆಗಲಿ, ಧನುರ್ವಾಯು ಆಗಲಿ ಒಳಾಂಗಗಳಲ್ಲಿ ಕಣ್ಣಿಗೆ ಕಾಣುವ ಗುರುತನ್ನು ಬಿಡುವುದಿಲ್ಲ. ಅವುಗಳನ್ನು ಪ್ರಾಣಿಯ ನಡಿಗೆಯಲ್ಲಿ, ದವಡೆಯ ಬಿಗಿತದಲ್ಲಿ, ಕಣ್ಣಿನ ನೋಟದಲ್ಲಿ ಹಿಡಿಯಬೇಕು, ಅದಕ್ಕೆ ಪ್ರಾಣಿ ಬದುಕಿರಬೇಕು ಎಂದು ವೈದ್ಯೆ ಉತ್ತರಿಸಿದರು. ಅಂಥ್ರಾಕ್ಸ್ ಅಂದರೆ ನೆರಡಿಯ ವಿಷಯ ಇನ್ನೂ ಗಂಭೀರ. ದಿಢೀರನೆ ಸತ್ತು, ಮೂಗು ಬಾಯಿ ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿಯುವ ಕುರಿಯನ್ನು ತೆರೆಯಲೇಬಾರದು, ಏಕೆಂದರೆ ಗಾಳಿ ತಗುಲಿದೊಡನೆ ಆ ರೋಗಾಣು ಬೀಜಕಗಳಾಗಿ ಮಾರ್ಪಟ್ಟು ದಶಕಗಳವರೆಗೆ ಮಣ್ಣಿನಲ್ಲಿ ಉಳಿಯುತ್ತದೆ. ಅದನ್ನು ವಧಾಗಾರದ ಬಾಗಿಲಲ್ಲೇ ತಡೆಯದಿದ್ದರೆ ಇಡೀ ಕಟ್ಟಡ, ಕೆಲಸಗಾರರ ಬೂಟು, ಮೇಲಂಗಿ ಎಲ್ಲವನ್ನೂ ಶೇಕಡ 5ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ತೊಳೆಯಬೇಕಾಗುತ್ತದೆ.

ನಮ್ಮ ಪ್ರಾಣಿಗಳ ಪೈಕಿ ಎರಡು ಆ ದಿನ ತಡೆಹಿಡಿಯಲ್ಪಟ್ಟವು. ಒಂದು ಟಗರಿಗೆ ಜ್ವರದ ಗುರುತು ಇತ್ತು. ಜ್ವರವಿರುವ ಪ್ರಾಣಿಯನ್ನು ಕೊಯ್ಯಲು ಅನುಮತಿ ಇಲ್ಲ; ಅದರ ಮೇಲೆ ‘ಸಂಶಯಾಸ್ಪದ’ ಎಂದು ಗುರುತು ಹಾಕಿ ಬೇರೆ ಕೋಣೆಗೆ ಸೇರಿಸಿದರು, ಮತ್ತು ಆ ಗುರುತನ್ನು ವೈದ್ಯರ ಹೊರತು ಬೇರೆ ಯಾರೂ ಅಳಿಸುವಂತಿಲ್ಲ ಎಂದು ಕಾವಲುಗಾರನಿಗೆ ನಮ್ಮ ಎದುರಿಗೇ ಹೇಳಿದರು. ಅದು ಪ್ರಯಾಣದ ಬಿಸಿಲಿಗೆ ಏರಿದ ಕಾವಾಗಿತ್ತೆಂದು ಕಾಣುತ್ತದೆ, ಮರುದಿನ ಬೆಳಿಗ್ಗೆ ಇಳಿದಿತ್ತು. ಇನ್ನೊಂದು ಕಾಕಾನ ಹಿಂಡಿನ ಬಾಯಿಗೂಡಿದ ಹೆಣ್ಣು ಕುರಿ, ಎರಡು ವರ್ಷದಿಂದ ಗಬ್ಬ ನಿಲ್ಲದೆ ಬರಡು ಬಿದ್ದಿದೆ ಎಂದು ಮಾರಲು ತಂದದ್ದು. ವೈದ್ಯೆ ಅದರ ಬಲಗಡೆಯ ಹೊಟ್ಟೆಯ ಕೆಳಗೆ ಮುಷ್ಟಿಯಿಟ್ಟು ನಿಧಾನವಾಗಿ ಮೇಲಕ್ಕೊತ್ತಿ, ಕೈ ತೆಗೆಯದೆ ಸ್ವಲ್ಪ ಹೊತ್ತು ಕಾದು, ಕೆಚ್ಚಲನ್ನು ಹಿಂಡಿ ನೋಡಿ ನಕ್ಕರು.

“ಇದು ಗಬ್ಬ ಐತ್ರೀ ಅಜ್ಜಾರ. ಇದನ್ನ ಕೊಯ್ಯಾಕ ಬರೂದಿಲ್ಲ, ಮನೀಗೆ ವಾಪಸ್ ಒಯ್ರಿ.”

ಕಾಕಾ ಒಪ್ಪಲು ಬಹಳ ಹೊತ್ತು ಹಿಡಿಯಿತು. ಗಬ್ಬವಿರುವ ಪ್ರಾಣಿಯನ್ನು, ಮೂರು ತಿಂಗಳೊಳಗಿನ ಮರಿಯಿರುವ ತಾಯಿಯನ್ನು, ಮೂರು ತಿಂಗಳು ತುಂಬದ ಮರಿಯನ್ನು ಕೊಯ್ಯುವುದು ನಿಷಿದ್ಧ. ಆದರೆ ಒಮ್ಮೆ ವಧಾಗಾರದ ಒಳಗೆ ದಾಖಲಾದ ಪ್ರಾಣಿಯನ್ನು ವೈದ್ಯರ ಲಿಖಿತ ಒಪ್ಪಿಗೆಯಿಲ್ಲದೆ ಹೊರಗೆ ಒಯ್ಯುವಂತೆಯೂ ಇಲ್ಲ. ರೋಗವಿರುವ ಪ್ರಾಣಿ ಹಿಂಬಾಗಿಲಿನಿಂದ ಮತ್ತೊಂದು ಅಂಗಡಿಗೆ ಹೋಗದಿರಲಿ ಎಂಬ ಕಾರಣಕ್ಕೆ ಈ ಕಟ್ಟು ಇದೆ. ಹೀಗಾಗಿ ಆ ಕುರಿಯ ಕಿವಿಯೋಲೆಯ ಸಂಖ್ಯೆ ಬರೆದು ಸಹಿ ಮಾಡಿದ ಚೀಟಿಯೊಂದು ಬೇಕಾಯಿತು. ಔಷಧದ ವಿಚಾರಣೆಯೂ ಅಲ್ಲಿಯೇ ನಡೆಯಿತು: ಜಂತಿನ ಔಷಧ ಕೊನೆಗೆ ಕೊಟ್ಟದ್ದು ಯಾವಾಗ, ಆ್ಯಂಟಿಬಯಾಟಿಕ್ ಚುಚ್ಚುಮದ್ದು ಆಗಿದೆಯೇ, ಡಬ್ಬಿಯ ಮೇಲೆ ಬರೆದಿರುವ ಕಾಯುವ ಅವಧಿ ಮುಗಿದಿದೆಯೇ. ನಾನು ಶೆಡ್ಡಿನ ವಹಿಯನ್ನು ತೋರಿಸಿದೆ. ಕಾಕಾನ ಹಿಂಡಿಗೆ ವಹಿ ಎಂಬುದು ಇಲ್ಲವಾದರೂ ಯಾವ ಅಮಾವಾಸ್ಯೆಯ ಹಿಂದೆ ಯಾವ ಔಷಧ ಹಾಕಿದ್ದೆಂಬುದು ಅವರ ಬಾಯಲ್ಲೇ ಇತ್ತು, ಮತ್ತು ಅದನ್ನು ವೈದ್ಯೆ ತಾರೀಖಿಗೆ ಹೊಂದಿಸಿ ಬರೆದುಕೊಂಡರು.

ಮರುದಿನ, ವಿಶ್ರಾಂತಿಯ ಅವಧಿ ಮುಗಿದ ಮೇಲೆ, ಕೊಯ್ಯುವ ಕೆಲಸ ನಡೆಯಿತು. ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದೆಂಬ ನಿಯಮಕ್ಕಾಗಿ ನಡುವೆ ಗೋಡೆಯಿತ್ತು. ಆ ಭಾಗದ ಬಗ್ಗೆ ಹೆಚ್ಚು ಬರೆಯುವುದೇನಿಲ್ಲ. ತಲೆಮಾರುಗಳಿಂದ ಆ ಕಸುಬಿನಲ್ಲಿರುವ ಹಿರಿಯರೊಬ್ಬರು, ಎಲ್ಲರೂ ಚಾಚಾ ಎಂದು ಕರೆಯುವವರು, ತಮ್ಮ ಕೆಲಸವನ್ನು ತ್ವರಿತವಾಗಿ, ಸದ್ದಿಲ್ಲದೆ ಮುಗಿಸಿದರು.

ನಾನು ಗಮನವಿಟ್ಟು ನೋಡಿದ್ದು ಅದರ ನಂತರದ್ದನ್ನು. ಚರ್ಮ ಸುಲಿದ ದೇಹವನ್ನು ಕೊಕ್ಕೆಗೆ ತೂಗುಹಾಕಿ ಅದಕ್ಕೊಂದು ಸಂಖ್ಯೆಯ ಬಿಲ್ಲೆ, ಅದರದೇ ತಲೆಗೂ ಒಳಾಂಗಗಳ ತಟ್ಟೆಗೂ ಅದೇ ಸಂಖ್ಯೆ. ಪರೀಕ್ಷೆ ಮುಗಿಯುವವರೆಗೆ ಯಾವ ಕಲೀಜ ಯಾವ ದೇಹದ್ದು ಎಂಬುದು ತಪ್ಪಿಹೋಗಬಾರದು. ಒಂದರಲ್ಲಿ ದೋಷ ಕಂಡರೆ ಉಳಿದದ್ದನ್ನೂ ಹುಡುಕಿ ತೆಗೆಯಬೇಕಾಗುತ್ತದೆ. ಮಾರುಕಟ್ಟೆಯ ಅಂಗಡಿಗಳಲ್ಲಿ ತಲೆ-ಕಾಲು ಒಂದು ಕಡೆ, ಬೋಟಿ ಇನ್ನೊಂದು ಕಡೆ, ಕಲೀಜ ಮತ್ತೊಂದು ಕಡೆ ರಾಶಿ ಬೀಳುವುದನ್ನು ಕಂಡವನಿಗೆ ಈ ಒಂದು ಬಿಲ್ಲೆಯ ಬೆಲೆ ತಕ್ಷಣ ಅರಿವಾಗುತ್ತದೆ.

ವೈದ್ಯೆ ಮೊದಲು ದೇಹದ ಕೊಬ್ಬಿನ ಬಣ್ಣ ನೋಡಿದರು, ಏಕೆಂದರೆ ಕಾಮಾಲೆಯಾಗಿದ್ದರೆ ಬಿಳಿಯಿರಬೇಕಾದ ಕೊಬ್ಬು ಹಳದಿಗೆ ತಿರುಗಿರುತ್ತದೆ. ಕೀಲುಗಳಲ್ಲಿ ಬಾವು, ಪಕ್ಕೆಲುಬಿನ ಒಳಪದರದಲ್ಲಿ ಅಂಟಿಕೆ, ಹೆಗಲ ಮುಂದಿನ ಮತ್ತು ತೊಡೆಯ ಮುಂದಿನ ದುಗ್ಧಗ್ರಂಥಿಗಳಲ್ಲಿ ಕೀವುಗಡ್ಡೆ ಇವೆಯೇ ಎಂದು ಪರಿಶೀಲಿಸಿದರು. ಆಮೇಲೆ ಗುಂಡಿಗೆ, ಗುಲ್ಮ, ಮೂತ್ರಪಿಂಡ. ಕಲೀಜವನ್ನು ಎರಡೂ ಕೈಗಳಿಂದ ಒತ್ತಿ, ಅದರ ಒಳಬದಿಯಲ್ಲಿ ಒಂದು ಉದ್ದನೆಯ ಕೊಯ್ತ ಹಾಕಿ ಪಿತ್ತನಾಳವನ್ನು ತೆರೆದರು. ನನ್ನ ಶೆಡ್ಡಿನ ಎರಡು ಕುರಿಗಳಲ್ಲಿ ಆ ನಾಳ ದಪ್ಪಗಾಗಿ ಗಡುಸಾಗಿತ್ತು. ಚಾಕುವಿನ ಬೆನ್ನಿನಿಂದ ಒತ್ತಿದಾಗ ಎಲೆಯಾಕಾರದ ಚಪ್ಪಟೆ ಹುಳುಗಳು ಹೊರಗೆ ಬಂದವು. ಇವು ನೀರಿನಂಚಿನ ಹುಲ್ಲಿನಿಂದ ಬರುತ್ತವೆ, ನಡುವೆ ಬಸವನಹುಳುವಿನ ಮೈಯಲ್ಲಿ ಬೆಳೆಯುತ್ತವೆ. ಬಾದಾಮಿಯ ಒಣನೆಲದಲ್ಲಿ, ಅದೂ ಶೆಡ್ಡಿನಲ್ಲಿ ಕಟ್ಟಿ ಮೇಯಿಸಿದ ಕುರಿಗೆ ಇದು ಎಲ್ಲಿಯದು ಎಂದು ಅಚ್ಚರಿಯಾಗಿ ಕಿವಿಯೋಲೆಯ ಸಂಖ್ಯೆ ತೆಗೆದು ವಹಿಯ ಜೊತೆ ಹೋಲಿಸಿದಾಗ, ಅವೆರಡೂ ಘಟಪ್ರಭಾ ಕಾಲುವೆಯ ಕಡೆಯಿಂದ ಸಂತೆಗೆ ಬಂದ ಮರಿಗಳೆಂದು ಗೊತ್ತಾಯಿತು. ಹೊಸ ಮರಿ ತಂದಾಗ ನಾನು ಕೊಡುತ್ತಿದ್ದ ಜಂತಿನ ಔಷಧ ಕರುಳಿನ ಹುಳುಗಳಿಗೆ ಆಗುವಂಥದ್ದು. ಕಾಲುವೆ ಸೀಮೆಯ ಮರಿಗೆ ಆಕ್ಸಿಕ್ಲೋಜನೈಡ್‌ನಂಥ ಬೇರೆ ಔಷಧ ಬೇಕೆಂದು ವೈದ್ಯೆ ಬರೆದುಕೊಟ್ಟರು.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತದ್ದು ಪುಪ್ಪುಸದ, ಅಂದರೆ ಶ್ವಾಸಕೋಶದ, ಮುಂದೆ. ಕಾಕಾನ ಹಿಂಡಿನ, ನಾಲ್ಕು ಹಲ್ಲು ದಾಟಿದ ಟಗರಿನ ಪುಪ್ಪುಸದಲ್ಲಿ ಲಿಂಬೆಹಣ್ಣಿನ ಗಾತ್ರದ ನೀರುಗುಳ್ಳೆಗಳಿದ್ದವು. ಅಂಥದೇ ಒಂದು ಕಲೀಜದಲ್ಲೂ ಇತ್ತು. ವೈದ್ಯೆ ಅದನ್ನು ಒಡೆಯದೆ ಸುತ್ತ ಬೆರಳಾಡಿಸಿ ನೋಡಿದರು.

“ಹಿಂಡಿನ ಕೂಡ ನಾಯಿ ಎಷ್ಟ ಅದಾವ್ರಿ?” ಎಂದು ಕೇಳಿದರು.

“ಮೂರ ಅದಾವ್ರಿ ಮೇಡಂ, ಮುಧೋಳ ತಳಿಯವು,” ಎಂದೆ.

“ಅವಕ್ಕ ಹಸಿ ಪುಪ್ಪುಸ ಹಾಕ್ತಾರೇನ್ರಿ?”

ಕಾಕಾ ನನ್ನ ಮುಖ ನೋಡಿದರು. ಜಾತ್ರೆಯಲ್ಲಿ ಕುರಿ ಬಿದ್ದಾಗ, ಅಡವಿಯಲ್ಲಿ ಕುರಿ ಸತ್ತಾಗ ಪುಪ್ಪುಸ ನಾಯಿಯ ಪಾಲು ಎಂಬುದು ನಮ್ಮ ಸೀಮೆಯಲ್ಲಿ ಯಾರೂ ಪ್ರಶ್ನಿಸದ ರೂಢಿ. ನಾಯಿ ಹಿಂಡು ಕಾಯುತ್ತದೆ, ಅದಕ್ಕೂ ಪಾಲು ಬೇಕು ಎಂಬ ನ್ಯಾಯ ಅದರ ಹಿಂದಿದೆ. ಆ ರೂಢಿಯೇ ಈ ರೋಗದ ಹಾದಿ ಎಂದು ವೈದ್ಯೆ ವಿವರಿಸಿದರು. ಗುಳ್ಳೆಯೊಳಗೆ ಇರುವುದು ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮರಿಗಳು. ನಾಯಿ ಆ ಗುಳ್ಳೆ ತಿಂದರೆ ಅದರ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಹುಳುಗಳು ಸಾವಿರಗಟ್ಟಲೆ ಬೆಳೆಯುತ್ತವೆ, ನಾಯಿಗೆ ಏನೂ ಆಗಿರುವುದಿಲ್ಲ. ಅದರ ಹೇಲಿನಲ್ಲಿ ಬಿದ್ದ ಮೊಟ್ಟೆಗಳು ಹುಲ್ಲಿಗೆ ತಗುಲಿ ಕುರಿಯ ಹೊಟ್ಟೆಗೆ ಹೋಗುತ್ತವೆ, ನಾಯಿಯ ಮೈದಡವಿದ ಕೈಯಿಂದ, ತೊಳೆಯದ ಸೊಪ್ಪಿನಿಂದ ಮನುಷ್ಯರ ಹೊಟ್ಟೆಗೂ ಹೋಗುತ್ತವೆ. ಮನುಷ್ಯರಲ್ಲಿ ಗುಳ್ಳೆ ವರ್ಷಗಟ್ಟಲೆ ಸುಮ್ಮನೆ ಬೆಳೆದು, ಯಕೃತ್ತಿನಲ್ಲೋ ಪುಪ್ಪುಸದಲ್ಲೋ ದೊಡ್ಡದಾದ ಮೇಲೆ ಶಸ್ತ್ರಚಿಕಿತ್ಸೆಯವರೆಗೆ ಒಯ್ಯುತ್ತದೆ. ನನಗೆ ಹೊಸದೆನಿಸಿದ್ದು ಇದು: ಆ ಟಗರಿನ ಮಾಂಸ ತಿಂದವರಿಗೆ ಈ ರೋಗ ಬರುವುದಿಲ್ಲ. ಅದರ ಪುಪ್ಪುಸ ತಿಂದ ನಾಯಿಯ ಜೊತೆ ಆಡುವ ಮಕ್ಕಳಿಗೆ ಬರುತ್ತದೆ. ಗಿರಾಕಿಯ ಹೆಸರಿನಲ್ಲಿ ನಡೆಯುವ ಈ ಪರೀಕ್ಷೆ ವಾಸ್ತವದಲ್ಲಿ ಹೆಚ್ಚು ಕಾಪಾಡುವುದು ಕುರಿ ಸಾಕಿದ ಮನೆಯವರನ್ನೇ ಎಂದು ನನಗೆ ಅನ್ನಿಸಿದ್ದು ಆಗ.

ಇನ್ನೊಂದು ಕುರಿಯ ಕರುಳಿನ ಮೇಲಿನ ಕೊಬ್ಬಿನ ಪರದೆಯಿಂದ ಉದ್ದ ಕತ್ತಿನ ನೀರಿನ ಚೀಲವೊಂದು ಜೋತಾಡುತ್ತಿತ್ತು. ಅದೂ ನಾಯಿಯ ಲಾಡಿಹುಳುವಿನದೇ, ಆದರೆ ಬೇರೆ ಜಾತಿ, ಮನುಷ್ಯರಿಗೆ ಅಪಾಯವಿಲ್ಲ. ಚೀಲವನ್ನಷ್ಟೇ ತೆಗೆದು ಹಾಕಿದರು. ಚಾಚಾ ಅದನ್ನು ತೋರಿಸಿ, “ಇಂಥಾವು ದಿನಾ ಬರ್ತಾವ ತಮ್ಮಾ, ಆದ್ರ ಪುಪ್ಪುಸದಾಗಿನ ಗುಳ್ಳಿ ಮಾತ್ರ ನಾವು ನಾಯಿ ಬಾಯಿಗೆ ಸಿಗಗೊಡಂಗಿಲ್ಲ,” ಎಂದರು. ಕಾಕಾನ ಹಿಂಡಿನಲ್ಲಿ ಆಗಾಗ ಒಂದೊಂದು ಮರಿ ಸುತ್ತ ತಿರುಗಿ ತಿರುಗಿ ಬಿದ್ದು ಸಾಯುತ್ತಿದ್ದುದನ್ನು ನಾನು ಆಗ ಹೇಳಿದೆ. ಅದು ಮಿದುಳಿನಲ್ಲಿ ಕೂರುವ ಮೂರನೆಯ ಬಗೆಯ ಗುಳ್ಳೆ ಇರಬಹುದು, ಅದರ ಮೂಲವೂ ನಾಯಿಯೇ. ಅಂಥ ಮರಿ ಸತ್ತರೆ ತಲೆಯನ್ನು ನಾಯಿಗೆ ಹಾಕದೆ ಹೂಳಬೇಕೆಂದು ವೈದ್ಯೆ ಸೂಚಿಸಿದರು. ಯಾರೋ ದೃಷ್ಟಿ ಹಾಕಿದ್ದಾರೆಂದು ಕಾಕಾ ನಂಬಿಕೊಂಡು ಬಂದಿದ್ದ ಕಾಯಿಲೆ ಅದು, ಆದರೆ ಅವರು ಏನೂ ಅನ್ನಲಿಲ್ಲ.

ಗುಳ್ಳೆಗಳಿದ್ದ ಪುಪ್ಪುಸ ಮತ್ತು ಕಲೀಜ, ಹುಳುವಿದ್ದ ಎರಡು ಕಲೀಜಗಳು ತಿರಸ್ಕೃತವಾದವು. ಅವನ್ನು ಕೊಚ್ಚಿ, ಮೇಲೆ ಕಾರ್ಬಾಲಿಕ್ ಆಮ್ಲ ಸುರಿದು, ಯಾರೂ ತಿನ್ನಲು ಬಾರದಂತೆ ಮಾಡಿ ಮುಚ್ಚಳಕ್ಕೆ ಬೀಗವಿದ್ದ ಡ್ರಮ್ಮಿಗೆ ಹಾಕಿದರು. ಟಗರಿನ ದೇಹ ಪುಷ್ಟವಾಗಿದ್ದು ಬೇರೆ ದೋಷವಿಲ್ಲದ್ದರಿಂದ ಅದಕ್ಕೂ ಉಳಿದವಕ್ಕೂ ‘ಪರೀಕ್ಷಿಸಿ ಒಪ್ಪಿದೆ’ ಎಂಬ ನೇರಳೆ ಮಸಿಯ ಮುದ್ರೆ ಬಿತ್ತು. ಕಾಕಾನ ಮಗ ಅಂಗಡಿಯ ಹುಡುಗರೊಡನೆ ಮಾಂಸ ತುಂಬಿಕೊಂಡು ಹೋದ. ಹೋದ ಕಲೀಜಗಳ ನಷ್ಟವನ್ನು ಅವನು ನನ್ನ ಲೆಕ್ಕದಲ್ಲಿ ಮುರಿದುಕೊಂಡದ್ದು ಬೇರೆ ಮಾತು.

ಅಲ್ಲಿನ ದಾಖಲೆ ಪುಸ್ತಕದಲ್ಲಿ ಇಷ್ಟು ಕಲೀಜ, ಇಷ್ಟು ಪುಪ್ಪುಸ ತಿರಸ್ಕೃತ ಎಂಬ ಸಾಲು ಬೀಳುತ್ತದೆ. ಅದು ಸಾಕಿದವನಿಗೆ ತಲುಪುವ ವ್ಯವಸ್ಥೆ ನಾನು ನೋಡಿದ ಕಡೆ ಇರಲಿಲ್ಲ. ಬಹುಪಾಲು ಕುರಿಗಳು ಎರಡು ಮೂರು ಕೈ ಬದಲಿಸಿ ಬರುವುದರಿಂದ ತಲುಪಿಸುವುದು ಯಾರಿಗೆ ಎಂಬ ಪ್ರಶ್ನೆಯೂ ಇದೆ. ಕಿವಿಯೋಲೆಯ 12 ಅಂಕಿಗಳ ಸಂಖ್ಯೆಗೆ ಈ ಸಾಲನ್ನು ಜೋಡಿಸಿದರೆ ಸಾಕಾಗುತ್ತದೆ, ಆ ಸಂಖ್ಯೆ ಲಸಿಕೆಯ ದಾಖಲೆಗೆ ಈಗಾಗಲೇ ಬಳಕೆಯಲ್ಲಿದೆ. ನಾನು ಕೇಳಿಕೊಂಡದ್ದಕ್ಕೆ ವೈದ್ಯೆ ಸಂಖ್ಯೆ, ಅಂಗ, ಕಾರಣ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟರು.

ಆ ಹಾಳೆ ಹಿಡಿದು ನಮ್ಮ ಊರಿನ ಪಶು ಚಿಕಿತ್ಸಾಲಯಕ್ಕೆ ಹೋದಾಗ ಅಲ್ಲಿಯ ವೈದ್ಯರು ಕುರಿಗಳನ್ನು ಬಿಟ್ಟು ಮೊದಲು ನಾಯಿಗಳ ತೂಕ ಕೇಳಿದರು. ಹತ್ತು ಕಿಲೊ ತೂಕಕ್ಕೆ 50 ಮಿಲಿಗ್ರಾಂ ಲೆಕ್ಕದಲ್ಲಿ ಪ್ರಾಜಿಕ್ವಾಂಟೆಲ್ ಮಾತ್ರೆ, ಆರು ವಾರಕ್ಕೊಮ್ಮೆ. ನಾಯಿಯ ಹೊಟ್ಟೆ ಸೇರಿದ ಹುಳು ಮೊಟ್ಟೆ ಬಿಡಲು ಸುಮಾರು ಅಷ್ಟೇ ಕಾಲ ಬೇಕಾಗುವುದರಿಂದ ಈ ಅಂತರ. ಮಾತ್ರೆ ಹುಳುವನ್ನು ಕೊಂದರೂ ಮೊಟ್ಟೆಗಳನ್ನು ಕೊಲ್ಲುವುದಿಲ್ಲ, ಆದ್ದರಿಂದ ಕೊಟ್ಟ ಮೇಲೆ ಎರಡು ದಿನ ನಾಯಿಯನ್ನು ಕಟ್ಟಿಹಾಕಿ ಅದರ ಹೇಲನ್ನು ಸುಡಬೇಕು. ಮುಧೋಳ ತಳಿಯ ನಾಯಿಯನ್ನು ಎರಡು ದಿನ ಕಟ್ಟಿಹಾಕುವುದು ಹೇಳಿದಷ್ಟು ಸುಲಭವಲ್ಲ, ಮತ್ತು ಹಿಂಡು ಅಡವಿಯಲ್ಲಿದ್ದಾಗ ಅದು ಆಗುವ ಮಾತೇ ಅಲ್ಲ. ಹೀಗಾಗಿ ಹಿಂಡು ಊರಿನ ಹೊಲದಲ್ಲಿ ನಿಂತಿರುವ ದಿನಗಳಿಗೆ ಮಾತ್ರೆಯನ್ನು ಹೊಂದಿಸಿಕೊಂಡಿದ್ದೇವೆ. ಪುಪ್ಪುಸವನ್ನು ಪೂರ್ತಿ ಬೇಯಿಸಿ ಹಾಕಿದರೆ ನಾಯಿಯ ಪಾಲು ಉಳಿಯುತ್ತದೆ, ಗುಳ್ಳೆಯೊಳಗಿನದು ಸಾಯುತ್ತದೆ ಎಂಬ ಮಾತಿಗೆ ಕಾಕಾ ಒಪ್ಪಿದ್ದಾರೆ. ಪಕ್ಕದ ಹಿಂಡುಗಳವರು ಇನ್ನೂ ಒಪ್ಪಿಲ್ಲ, ಅವರ ನಾಯಿಗಳು ನಮ್ಮ ಹುಲ್ಲಿನಲ್ಲೇ ಓಡಾಡುತ್ತವೆ. ಮುಂದಿನ ಸಲ ವಧಾಗಾರಕ್ಕೆ ಹೋಗುವಾಗ ಅವರಲ್ಲಿ ಒಬ್ಬರ ಹಳೆಯ ಟಗರನ್ನೂ, ಸಾಧ್ಯವಾದರೆ ಅವರನ್ನೂ, ಅದೇ ಟೆಂಪೊದಲ್ಲಿ ಕರೆದೊಯ್ಯುವ ಮಾತುಕತೆ ನಡೆದಿದೆ.